ಹದಿನೇಳನೇ ಅಧ್ಯಾಯ

ಪ್ರಕಾಶನದ ಆಫೀಸಿನಲ್ಲಿ ಅವಳಿಗೆ ‘ಕತ್ತರಿ’ ಅಂತ ಹೆಸರು ಬಿದ್ದಿದ್ದು ಸುಮ್ಮನೆ ಅಲ್ಲ. ಯಾರೇ ಹಸ್ತಪ್ರತಿ ತಂದುಕೊಡಲಿ, ಅದರಲ್ಲಿ ಬೇಡದ್ದು ಎಲ್ಲಿದೆ ಅನ್ನೋದು ಅವಳ ಕಣ್ಣಿಗೆ ಮೊದಲು ಬೀಳುತ್ತಿತ್ತು. ಸೂರ್ಯ ಮುಳುಗಿದ ಅಂತ ಬರೆದ ಮೇಲೂ ಯಾರಾದರೂ ಕೆಂಪು ಮುಗಿಲಿನ ಮೇಲೆ ನಾಲ್ಕು ಸಾಲು ಎಳೆದರೆ ಆ ನಾಲ್ಕೂ ಸಾಲಿಗೆ ಗತಿ ಕಾಣಿಸಿಬಿಡುತ್ತಿದ್ದಳು. ಲೇಖಕರು ಮುಖ ಊದಿಸಿಕೊಂಡು ಹೋಗುತ್ತಿದ್ದರು, ಪುಸ್ತಕ ಬಂದ ಮೇಲೆ ಹಲ್ಲು ಕಿರಿಯುತ್ತಾ ಬರುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಅವಳಿಗೆ ಅದರ ಮೇಲೆ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಬೇಕು.

ಆ ಜಂಬ ಹೋಗಿ ನಾಲ್ಕು ವರ್ಷವಾಯಿತು. ಅದನ್ನು ಕಿತ್ತುಕೊಂಡು ಹೋಗಿದ್ದು ಒಂಬತ್ತೇ ಒಂಬತ್ತು ಪುಟ, ಅದನ್ನು ಬರೆದಿದ್ದು ಅವಳ ಸ್ವಂತ ಸೋದರಮಾವ.

ಮಾವ ಗಡಿಯಾರ ರಿಪೇರಿ ಮಾಡುವವರು. ಚಪ್ಪಲಿ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಂತಿದ್ದ ಜಾಗ ಅವರದು. ಇಬ್ಬರು ಕೂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕು. ಒಳಗಿನಿಂದಲೇ ಮೆಟ್ಟಿಲು, ಮೇಲೆ ಎರಡು ಕೋಣೆ, ಅಲ್ಲಿ ಅತ್ತೆಯ ರಾಜ್ಯಭಾರ. ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಕೂಡಲೇ ಅವಳು ಅಲ್ಲಿಗೆ ಓಡುತ್ತಿದ್ದಳು. ಒಂದು ಕಡೆ ನಿಲ್ಲದ ಹುಡುಗಿ ಅಂತ ಮಾವ ಅವಳನ್ನು ‘ಸೆಕೆಂಡು’ ಅಂತ ಕರೆಯುತ್ತಿದ್ದರು. ತಲೆಯಲ್ಲಿ ನಾಲ್ಕು ಬಿಳಿಕೂದಲು ಕಂಡ ಮೇಲೂ ಆ ಹೆಸರು ಬಿಡಲಿಲ್ಲ.

ಕೆಲಸ ಮಾಡುವಾಗ ಅವರ ಬಲಗಡೆ ಒಂದು ಚಿಕ್ಕ ಹಿತ್ತಾಳೆ ಬಟ್ಟಲು ಇರುತ್ತಿತ್ತು. ಬಿಚ್ಚಿದ ಸ್ಕ್ರೂಗಳೆಲ್ಲ ಅದರೊಳಗೆ. ಗಡಿಯಾರ ಮುಚ್ಚಿದ ಮೇಲೆ ಬಟ್ಟಲನ್ನು ಅವಳ ಮುಂದೆ ಹಿಡಿದು, "ನೋಡು ಸೆಕೆಂಡು, ಏನಾದ್ರೂ ಇದೆಯಾ?" ಅಂತ ಕೇಳುವುದು. ಅವಳು ಇಣುಕಿ ನೋಡಿ "ಏನೂ ಇಲ್ಲ ಮಾವ, ಖಾಲಿ!" ಅಂತ ಕೂಗುವುದು. ಆಮೇಲೇ ಗಡಿಯಾರ ಗಿರಾಕಿಯ ಕೈಗೆ. "ಒಂದು ಸ್ಕ್ರೂ ಉಳಿದರೂ ಗಡಿಯಾರ ನಡೆಯುತ್ತೆ ಕಣೆ, ತಿಂಗಳುಗಟ್ಟಲೆ ನಡೆಯುತ್ತೆ. ಆದ್ರೆ ಅದು ರಿಪೇರಿ ಅಲ್ಲ, ಮೋಸ," ಅನ್ನುತ್ತಿದ್ದರು.

ಇಂಥ ಮನುಷ್ಯ ಐವತ್ತು ದಾಟಿದ ಮೇಲೆ ಇದ್ದಕ್ಕಿದ್ದ ಹಾಗೆ ಕಾದಂಬರಿ ಬರೆಯಲು ಕೂತರು. ಹನ್ನೊಂದು ವರ್ಷ ಬರೆದರು. ರಸೀತಿಗಳ ಬೆನ್ನ ಮೇಲೆ ಗೀಚುವುದು, ರಾತ್ರಿ ಊಟವಾದ ಮೇಲೆ ದೊಡ್ಡ ಹಾಳೆಗೆ ಇಳಿಸುವುದು, ಇಳಿಸಿದ ಮೇಲೆ ರಸೀತಿ ಕಸಕ್ಕೆ. "ಇಟ್ಕೋಬಾರದಾ ಅದನ್ನೂ?" ಅಂತ ಅವಳು ಕೇಳಿದ್ದಳು. "ಒರೆಸಿ ತೆಗೆದ ಕೊಳೆ ಯಾರಾದ್ರೂ ಇಟ್ಕೋತಾರಾ?" ಅಂದಿದ್ದರು.

ಕಾದಂಬರಿಯ ಹೆಸರು ‘ಕಂಚಿನ ಕಿವಿ’. ಮುನ್ನೂರು ವರ್ಷದ ಹಿಂದಿನ ಒಂದು ಕೋಟೆ. ಅರಮನೆಗೆ ಗಂಟೆ ಎರಕ ಹೊಯ್ಯುವ ಕಸುಬಿನವನೊಬ್ಬ ಗಂಟೆಗೋಪುರದಲ್ಲಿ ಸತ್ತು ಬಿದ್ದಿದ್ದಾನೆ. ಒಳಗಿನಿಂದ ಅಗುಳಿ ಹಾಕಿದೆ. ಕೊಂದವರು ಯಾರು ಅಂತ ಪತ್ತೆ ಮಾಡುವವಳು ಅರಮನೆಯಲ್ಲಿ ದೀಪ ಹಚ್ಚುವ ಹೆಂಗಸು. ಇದರ ಮೇಲೆ ಮಾಯೆ ಬೇರೆ: ಆ ಗಂಟೆಗೆ ಕಿವಿಯುಂಟು. ತನ್ನನ್ನು ಕೊನೆಯದಾಗಿ ಮುಟ್ಟಿದವರ ದನಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಬಾರಿಸಿದಾಗ ಆ ದನಿಯಲ್ಲೇ ಮಾತಾಡುತ್ತದೆ. ಕೊನೆಯಲ್ಲಿ ಪಟ್ಟಾಭಿಷೇಕದ ದಿನ ಗಂಟೆ ಬಾರಿಸುತ್ತಾರೆ, ಗಂಟೆ ರಾಜನ ತಮ್ಮನ ದನಿಯಲ್ಲಿ ಬಾಯಿ ಬಿಡುತ್ತದೆ. ಇಡೀ ಸಭೆ ತಣ್ಣಗಾಗುತ್ತದೆ.

ಇತಿಹಾಸ, ಮಾಯೆ, ಪತ್ತೇದಾರಿ, ಮೂರನ್ನೂ ಒಂದೇ ಪಾತ್ರೆಗೆ ಸುರಿದಿದ್ದರು ಮಹಾರಾಯರು. ಅಲ್ಲಲ್ಲಿ ಓದುವವರ ಮೈ ಜುಮ್ಮೆನ್ನುತ್ತಿತ್ತು. ದೀಪದವಳು ಕತ್ತಲ ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆ ನೋಡುವ ಅಧ್ಯಾಯವನ್ನು ಅವಳು ಎರಡು ಸಲ ಓದಿದ್ದಳು, ಕೆಲಸಕ್ಕಾಗಿ ಅಲ್ಲ, ಆಸೆಗೆ. ಇನ್ನು ಕೆಲವು ಕಡೆ, ಅಬ್ಬಬ್ಬಾ, ಕಂಚು ಕಾಯಿಸುವುದು ಹೇಗೆ, ಜೇಡಿಮಣ್ಣು ಕಲೆಸುವುದು ಹೇಗೆ, ಮೇಣ ಎಷ್ಟು ದಪ್ಪ ಸವರಬೇಕು, ಪುಟಗಟ್ಟಲೆ. ಓದಿದವರು ಎದ್ದುಹೋಗಿ ಒಂದು ಗಂಟೆ ಎರಕ ಹೊಯ್ದು ಬರಬಹುದಿತ್ತು. "ಮಾವ, ಇಷ್ಟು ವಿವರ ಬೇಕಾ?" ಅಂದರೆ, "ಮಾಯೆಗೂ ಒಂದು ಲೆಕ್ಕಾಚಾರ ಇರಬೇಕು. ಹಲ್ಲಿಗೆ ಹಲ್ಲು ಕೂತ್ರೆ ಚಕ್ರ ತಿರುಗೋದು," ಅನ್ನುತ್ತಿದ್ದರು.

ಪ್ರಕಾಶನದ ಮಾಲೀಕರು ಪುಸ್ತಕ ಒಪ್ಪಿಕೊಂಡರು. ಕರಡು ನೋಡುವ ಕೆಲಸವನ್ನು ಮಾವ ಅವಳಿಗೇ ಬಿಟ್ಟರು. ದಿನವಿಡೀ ಭೂತಗನ್ನಡಿ ಸಿಕ್ಕಿಸಿಕೊಂಡ ಕಣ್ಣು, ಸಣ್ಣ ಅಕ್ಷರ ಆಗುತ್ತಿರಲಿಲ್ಲ. "ನೀನು ನೋಡಿದ್ರೆ ನಾನು ನೋಡಿದ ಹಾಗೆ," ಅಂದರು.

ಅಚ್ಚಿನ ಮನೆಯ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಮಾತು. ಪುಸ್ತಕ ಅಚ್ಚಾಗುವುದು ಬಿಡಿಬಿಡಿ ಪುಟವಾಗಿ ಅಲ್ಲ. ದೊಡ್ಡ ಹಾಳೆಯ ಮೇಲೆ ಹದಿನಾರು ಪುಟ ಒಟ್ಟಿಗೆ ಬೀಳುತ್ತವೆ, ಅದಕ್ಕೆ ಒಂದು ಫಾರಂ ಅನ್ನುತ್ತಾರೆ. ‘ಕಂಚಿನ ಕಿವಿ’ಗೆ ಇಪ್ಪತ್ತು ಫಾರಂ ಅಂತ ಗೊತ್ತು ಮಾಡಿ ಹಾಳೆ ತರಿಸಿದ್ದರು, ಅಂದರೆ ಮುನ್ನೂರ ಇಪ್ಪತ್ತು ಪುಟ. ಜೋಡಿಸಿ ನೋಡಿದರೆ ಮುನ್ನೂರ ಇಪ್ಪತ್ತೊಂಬತ್ತು ಬಂತು.

"ಒಂಬತ್ತು ಪುಟಕ್ಕೋಸ್ಕರ ಇನ್ನೊಂದು ಫಾರಂ ಹಾಕಿದ್ರೆ ಕೊನೆಗೆ ಏಳು ಪುಟ ಬೋಳು ಬೋಳು," ಮಾಲೀಕರು ತಲೆ ಕೆರೆದುಕೊಂಡರು. "ಯಂತ್ರ ಖಾಲಿ ನಿಂತಿದೆ ಕಣಮ್ಮ. ನಿನ್ನ ಕತ್ತರಿ ಏನ್ಮಾಡ್ತಿದೆ?"

ಅವಳ ತಪ್ಪು ಶುರುವಾಗಿದ್ದು ಇಲ್ಲಿ. ಇಂಥ ಹೊತ್ತಿನಲ್ಲಿ ಸಾಲು ಸಾಲಾಗಿ ಹೆರೆದು ಒಂಬತ್ತು ಪುಟ ಇಳಿಸಬೇಕು, ಅದಕ್ಕೆ ಮೂರು ದಿನ ಬೇಕು. ಬೇಗ ಮುಗಿಯಬೇಕೆಂದರೆ ಇನ್ನೊಂದು ದಾರಿ ಉಂಟು: ಎಷ್ಟು ಪುಟ ಹೆಚ್ಚಾಗಿದೆಯೋ ಅಷ್ಟೇ ಉದ್ದದ ಅಧ್ಯಾಯ ಯಾವುದಾದರೂ ಇದೆಯಾ ಅಂತ ಹುಡುಕುವುದು. ಹದಿನೇಳನೇ ಅಧ್ಯಾಯ ಸರಿಯಾಗಿ ಒಂಬತ್ತು ಪುಟವಿತ್ತು. ತೆರೆದು ನೋಡಿದಳು. ಮತ್ತೆ ಜೇಡಿಮಣ್ಣು, ಮತ್ತೆ ಮೇಣ. ಆರು ಪುಟ ಅದೇ. ಇಂಥ ಪುಟಗಳನ್ನು ಕರಡಿನಲ್ಲೂ ಅವಳು ಕಾಗುಣಿತಕ್ಕಷ್ಟೇ ನೋಡಿದ್ದಳು. ಕೊನೆಯ ಮೂರು ಪುಟದ ಮೇಲೆ ಕಣ್ಣು ಓಡಿಸಿದಳೇ ಹೊರತು ಓದಲಿಲ್ಲ. ತೆಗೆದಳು. ಹದಿನೆಂಟನ್ನು ಹದಿನೇಳು ಮಾಡಿದಳು, ಹಾಗೇ ಕೊನೆಯವರೆಗೆ ಇಪ್ಪತ್ತೇಳನ್ನು ಇಪ್ಪತ್ತಾರು ಮಾಡಿದಳು. ಹೊಲಿಗೆಯೇ ಕಾಣಲಿಲ್ಲ. ಸಾಲು ಸಾಲಾಗಿ ಹೆರೆದೇ ಇಳಿಸಿದ್ದಾಳೆ ಅಂದುಕೊಂಡು ಮಾಲೀಕರು "ಭೇಷ್" ಅಂದರು.

ಮಾವ ಆ ವಾರ ಬೇರೆ ಊರಿನಲ್ಲಿದ್ದರು, ಯಾವುದೋ ಗೋಪುರದ ಗಡಿಯಾರ ನಿಂತಿತ್ತು ಅಂತ. ಬಂದ ಮೇಲೆ ಹೇಳೋಣ ಅಂದುಕೊಂಡಳು. ಅವರು ಬರುವ ಹೊತ್ತಿಗೆ ಪುಸ್ತಕ ಅಚ್ಚಾಗಿ ಬಂದಿತ್ತು. ಮೊದಲ ಪ್ರತಿ ಕೈಗೆ ತೆಗೆದುಕೊಂಡು ಅವರು ಅದನ್ನು ಕಿವಿಯ ಹತ್ತಿರ ಹಿಡಿದರು, ಗಡಿಯಾರ ನಡೆಯುತ್ತಿದೆಯಾ ಅಂತ ಕೇಳುವವರ ಹಾಗೆ, ಆಮೇಲೆ ತಮ್ಮ ಪೆದ್ದುತನಕ್ಕೆ ತಾವೇ ನಕ್ಕರು. ಅಂಥ ಮುಖಕ್ಕೆ ಹೇಗೆ ಹೇಳುವುದು? ನಾಳೆ ಹೇಳೋಣ ಅಂತ ಬಿಟ್ಟಳು. ಹಸ್ತಪ್ರತಿ ರದ್ದಿಗೆ ಹೋಗುವ ದಿನ ಹದಿನೇಳನೇ ಅಧ್ಯಾಯದ ಹದಿನಾಲ್ಕು ಹಾಳೆ ಮಾತ್ರ ಎತ್ತಿ ತನ್ನ ಡ್ರಾಯರಿನ ತಳದಲ್ಲಿ ಇಟ್ಟಳು. ಆ ದಿನ ಮೊದಲ ಸಲ ಅದನ್ನು ಪೂರ್ತಿ ಓದಿದಳು. ಕೊನೆಯ ಮೂರು ಪುಟಕ್ಕೆ ಬಂದಾಗ ತಾನು ಕತ್ತರಿಸಿದ್ದು ಏನು ಅಂತ ತಿಳಿಯಿತು. ಗಂಟೆ ಯಾಕೆ ಮಾತಾಡುತ್ತದೆ, ಯಾರ ದನಿ ಹಿಡಿಯುತ್ತದೆ, ಯಾವ ಎರಕದಲ್ಲಿ ಮಾತ್ರ ಆ ಗುಣ ಬರುತ್ತದೆ, ಎಲ್ಲ ಅಲ್ಲೇ ಇತ್ತು, ಬೇರೆ ಎಲ್ಲೂ ಇರಲಿಲ್ಲ.

ಎರಡು ತಿಂಗಳಿಗೆ ಒಂದು ಪತ್ರಿಕೆಯಲ್ಲಿ ವಿಮರ್ಶೆ ಬಂತು. "ಇತಿಹಾಸ ಗಟ್ಟಿಯಾಗಿದೆ, ಮಾಯೆ ಸೊಗಸಾಗಿದೆ, ಪತ್ತೇದಾರಿ ಚುರುಕಾಗಿದೆ. ಮೂರೂ ಬೆರೆತಿಲ್ಲ ಅಷ್ಟೆ. ಕೊನೆಗೆ ಗಂಟೆ ಇದ್ದಕ್ಕಿದ್ದ ಹಾಗೆ ಮಾತಾಡುತ್ತದೆ. ಹೇಗೆಂದು ಲೇಖಕರು ಎಲ್ಲೂ ಹೇಳಿಲ್ಲ. ಮೊದಲರ್ಧ ಕಟ್ಟಿದ ಕೈಗೂ ಕೊನೆ ಕಟ್ಟಿದ ಕೈಗೂ ಸಂಬಂಧವಿಲ್ಲ. ಅರ್ಧ ದಾರಿಯಲ್ಲಿ ಲೇಖಕರ ನೆನಪು ಕೈಕೊಟ್ಟಿರಬೇಕು."

ಮರುದಿನ ಮಾವ ಆಫೀಸಿಗೆ ಬಂದರು. ಅವರು ಆಫೀಸಿಗೆ ಬಂದಿದ್ದು ಅದೇ ಮೊದಲು. ಮಾಲೀಕರು ಎದುರು ಮೇಜಿನಲ್ಲೇ ಇದ್ದರು. ಮಾವ ಕೂರಲಿಲ್ಲ, ಕೈಯಲ್ಲಿ ಪುಸ್ತಕ ಹಿಡಿದು ನಿಂತೇ ಕೇಳಿದರು.

"ಸೆಕೆಂಡು, ಒಂದು ವಿಷಯ. ದೀಪದವಳಿಗೆ ಎರಕದವನ ಮಗಳು ಗಂಟೆ ಗುಟ್ಟು ಹೇಳೋದು... ನಾನು ಬರೆದಿದ್ದೆ ಅಂತ ನನಗೆ ನೆನಪು. ಪುಸ್ತಕದಲ್ಲಿ ಎಲ್ಲೂ ಇಲ್ಲ. ಅಧ್ಯಾಯ ಇಪ್ಪತ್ತೇಳು ಅಂತ ಎಣಿಸಿದ್ದೆ, ಇದರಲ್ಲಿ ನೋಡಿದ್ರೆ ಇಪ್ಪತ್ತಾರೇ ಇದೆ. ಬರೆದಿದ್ನಾ ನಾನು? ಇಲ್ಲ ಬರೀಬೇಕು ಬರೀಬೇಕು ಅಂದ್ಕೊಂಡು ಬಿಟ್ಟುಬಿಟ್ನಾ?"

ಹೇಳಿಬಿಡಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಎದುರಿಗೆ ಮಾಲೀಕರು ತಲೆ ಎತ್ತಿ ನೋಡುತ್ತಿದ್ದರು. ಹದಿನೆಂಟು ವರ್ಷದ ಹೆಸರು. ಓದದೇ ಕತ್ತರಿಸಿದಳು ಅಂತ ಬೀದಿಗೆಲ್ಲ ಗೊತ್ತಾದರೆ? ಪ್ರಶ್ನೆಯೊಳಗೇ ಮಾವ ಒಂದು ಬಾಗಿಲು ತೆರೆದಿಟ್ಟಿದ್ದರು, ಅವಳು ಅದರಲ್ಲಿ ನುಸುಳಿಕೊಂಡಳು.

"ನನ್ನ ಕೈಗೆ ಬಂದಿದ್ದರಲ್ಲಿ ಇರಲಿಲ್ಲ ಮಾವ."

"ಇರಲಿಲ್ವಾ?"

"ಇಲ್ಲ."

"ಹಸ್ತಪ್ರತಿ ಒಂದ್ಸಲ..."

"ಅದು ರದ್ದಿಗೆ ಹೋಯ್ತು."

ಮಾವ ಪುಸ್ತಕವನ್ನು ನಿಧಾನವಾಗಿ ಚೀಲಕ್ಕೆ ಹಾಕಿಕೊಂಡರು. "ಹಾಗಾದ್ರೆ ಸರಿ," ಅಂದರು. ಬಾಗಿಲ ಹತ್ತಿರ ಹೋಗಿ ತಿರುಗಿ ನೋಡಿದರು. "ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು ಅಲ್ವಾ?"

ಅವರಮ್ಮ ಅಂದರೆ ಅವಳ ಅಜ್ಜಿ. ಕೊನೆಕೊನೆಗೆ ಅಜ್ಜಿ ಮಗನ ಮುಖ ನೋಡಿ "ಯಾರಪ್ಪಾ ನೀನು, ಯಾರ ಮನೆಯವನು?" ಅಂತ ಕೇಳುತ್ತಿದ್ದರು. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಬೇರೆಯವರು ಏನಾದರೂ ಅನ್ನಲಿ, ಅವಳು ತನ್ನನ್ನು ಕ್ಷಮಿಸಿಕೊಳ್ಳದಿರುವುದು ಈ ಕಾರಣಕ್ಕೆ.

ಆಮೇಲೆ ಅವಳು ಆ ಬೀದಿಯ ಕಡೆ ಹಾಯುವುದೇ ಕಡಿಮೆ ಮಾಡಿದಳು. ಕೆಲಸ ಜಾಸ್ತಿ, ಮೈ ಸರಿಯಿಲ್ಲ, ಆ ಕಡೆ ಬಸ್ ಸಿಗಲ್ಲ, ನೆಪಕ್ಕೇನು ಬರ. ಹೋದರೂ ಬಾಗಿಲಲ್ಲೇ ನಿಂತು ಎರಡು ಮಾತಾಡಿ ಓಡಿಬರುವುದು. ಮಾವ ಎರಡನೇ ಕಾದಂಬರಿ ಬಿಟ್ಟರಂತೆ ಅಂತ ಅತ್ತೆ ಹೇಳಿದರು. ಆಮೇಲೆ ಕೈಗಡಿಯಾರದ ಕೆಲಸ ಬಿಟ್ಟರಂತೆ. ಆಮೇಲೆ ಬರೀ ಬೆಲ್ಟ್ ಹಾಕುವುದು, ಬ್ಯಾಟರಿ ಬದಲಾಯಿಸುವುದು. ಒಂದೊಂದು ಸುದ್ದಿ ಬಂದಾಗಲೂ ಅವಳು ಡ್ರಾಯರ್ ಎಳೆಯುತ್ತಿದ್ದಳು, ಮತ್ತೆ ಮುಚ್ಚುತ್ತಿದ್ದಳು.

ಕೊನೆಗೆ ಒಂದು ಶನಿವಾರ ಅತ್ತೆ ಫೋನ್ ಮಾಡಿದರು.

"ನಿಮ್ಮ ಮಾವ ಅಂಗಡಿ ಬಿಟ್ಟುಕೊಡ್ತಿದ್ದಾರೆ ಕಣೆ. ಪಕ್ಕದ ಕನ್ನಡಕದವರಿಗೆ. ಸೋಮವಾರ ಬೀಗದ ಕೈ ಕೊಡೋದು. ನಾನು ಹೇಳಿ ಹೇಳಿ ಸಾಕಾಗಿದೆ. ನಾಳೆ ಬಂದು ಸಾಮಾನು ಕಟ್ಟೋಕಾದ್ರೂ ಕೈ ಜೋಡಿಸು. ನಿನಗೂ ಮಾವನಿಗೂ ಅದೇನು ಮುನಿಸೋ, ನನಗಂತೂ ಗೊತ್ತಿಲ್ಲ."

ಭಾನುವಾರ ಮಧ್ಯಾಹ್ನ ಅವಳು ಹೋದಳು. ಚೀಲದಲ್ಲಿ ಹದಿನಾಲ್ಕು ಹಾಳೆ ಇತ್ತು. ಹೇಳಿಯೇ ಬರುತ್ತೇನೆ ಅಂತ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಹಿಂದೆಯೂ ಹೀಗೆ ಹೇಳಿಕೊಂಡಿದ್ದಳಾದ್ದರಿಂದ ಅವಳಿಗೇ ಅದರ ಮೇಲೆ ನಂಬಿಕೆಯಿರಲಿಲ್ಲ. ಹೇಳಿದರೆ ಮಾವನಿಗೆ ಅವರ ಕೆಲಸ ವಾಪಸ್ ಸಿಗಬಹುದು, ಸೋಮವಾರ ದಾಟಿದರೆ ಅದೂ ಇಲ್ಲ. ಅಷ್ಟು ಮಾತ್ರ ಚೆನ್ನಾಗಿ ಗೊತ್ತಿತ್ತು.

ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಬಗ್ಗಿ ಒಳಗೆ ಹೋದಳು. ಗೋಡೆಯ ಗಡಿಯಾರಗಳನ್ನೆಲ್ಲ ಇಳಿಸಿದ್ದರು, ಅವು ಇದ್ದ ಕಡೆ ಬಣ್ಣ ಮಾಸದ ದುಂಡು ಗುರುತು. ಮಾವ ಮೇಲಿದ್ದರು. ಮೆಟ್ಟಿಲು ಹತ್ತುವಾಗಲೇ ಅವಳಿಗೆ ಮೊದಲ ಚೀಟಿ ಕಂಡಿತು. ಬಾಗಿಲ ಚೌಕಟ್ಟಿಗೆ ಅಂಟಿಸಿದ ಒಂದು ರಸೀತಿ, ಅದರ ಬೆನ್ನ ಮೇಲೆ ಮಾವನ ದುಂಡು ಅಕ್ಷರ: ‘ಬೀಗದ ಕೈ ಎಡ ಜೇಬಿನಲ್ಲಿ.’

ಒಳಗೆ ಹೋದರೆ ಎಲ್ಲೆಲ್ಲೂ ಚೀಟಿ. ನಲ್ಲಿಯ ಮೇಲೆ ‘ನಿಲ್ಲಿಸು.’ ಒಲೆಯ ಹಿಂದಿನ ಗೋಡೆಗೆ ಒಂದು ಉದ್ದದ ಹಾಳೆ, ‘ಗ್ಯಾಸ್ ಆರಿಸಿದೆ’ ಅಂತ ತಲೆಬರಹ, ಕೆಳಗೆ ತಾರೀಕು, ಹೊತ್ತು, ಗೀಟು. ಬೀರುವಿನ ಬಾಗಿಲ ಮೇಲೆ ಮಾತ್ರೆಯ ಸಮಯ. ಮಂಚದ ತಲೆಯ ಕಡೆ ಒಂದು ಚೀಟಿ, ಅದನ್ನು ಓದಿ ಅವಳ ಕಾಲು ಅಲ್ಲೇ ನಿಂತಿತು. ‘ಇವಳು ಹೆಂಡತಿ. ಅಕ್ಕ ತೀರಿಕೊಂಡಿದ್ದಾಳೆ. ಅಕ್ಕನ ಮಗಳು ಇದ್ದಾಳೆ, ಪುಸ್ತಕದ ಆಫೀಸು. ಕೆಲಸ ಜಾಸ್ತಿ, ಬೈಯಬಾರದು.’

"ಮುಂಜಾಗ್ರತೆಯಂತೆ," ಅತ್ತೆ ಹಿಂದಿನಿಂದ ಬಂದು ಹೇಳಿದರು, ದನಿ ಇಳಿಸಿ. "ಮೂರು ಸಲ ಡಾಕ್ಟರ ಹತ್ರ ಹೋದ್ವಿ. ಏನೂ ಇಲ್ಲ, ನಮಗಿಂತ ಚೆನ್ನಾಗಿದೆ ತಲೆ ಅಂದ್ರು. ಇವರು ನಂಬಬೇಕಲ್ಲ! ‘ಬರೀದೇ ಇರೋ ಅಧ್ಯಾಯನ ಬರೆದಿದೀನಿ ಅಂತ ಆಣೆ ಇಡ್ತಿದ್ದೆ, ಡಾಕ್ಟರಿಗೇನು ಗೊತ್ತು’ ಅಂತಾರೆ. ಬೆಳಿಗ್ಗೆ ಎದ್ದು ನನ್ನ ಮುಖ ನೋಡಿ ಬಾಯಲ್ಲೇ ಏನೋ ಗುನುಗ್ತಾರೆ. ಏನ್ರೀ ಅದು ಅಂದೆ ಒಂದಿನ. ನನ್ನ ಹೆಸರು ಕಣೆ. ಮರೆತಿಲ್ಲ ತಾನೆ ಅಂತ ದಿನಾ ಹೇಳಿ ನೋಡ್ಕೋತಾರೆ."

ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು.

ಮಾವ ಒಳಕೋಣೆಯಿಂದ ಬಂದರು. ಸೊರಗಿದ್ದರು. ಅವಳನ್ನು ನೋಡಿ ಮುಖ ಅರಳಿತು, ಆದರೆ ಮಾತಾಡುವ ಮೊದಲು ಒಂದು ಕ್ಷಣ ತಡೆದರು. ಒಳಗೇ ಯಾವುದೋ ಪರೀಕ್ಷೆ ಮುಗಿಸಿಕೊಂಡರೆಂದು ಕಾಣುತ್ತದೆ. "ಸೆಕೆಂಡು! ಬಾ ಬಾ. ಕೆಳಗೆ ಹೋಗೋಣ. ಒಬ್ಬನೇ ಕಟ್ಟೋಕೆ ಧೈರ್ಯ ಇಲ್ಲ."

ಇಬ್ಬರೂ ಅಂಗಡಿಗೆ ಇಳಿದರು. ಮೇಜಿನ ಮೇಲೆ ಉಪಕರಣಗಳೆಲ್ಲ ಬಟ್ಟೆಯ ಮೇಲೆ ಸಾಲಾಗಿ ಹರಡಿದ್ದವು: ಚಿಮುಟ, ಬೆರಳುದ್ದದ ಸ್ಕ್ರೂಡ್ರೈವರ್‌ಗಳು, ಎಣ್ಣೆಯ ಸೂಜಿ, ಹಿತ್ತಾಳೆ ಬಟ್ಟಲು. ಮಾವ ಒಂದೊಂದನ್ನೇ ಎತ್ತಿ ಅದರ ಡಬ್ಬಿಗೆ ಹಾಕಿದರು. ಹಾಕಿ, ಡಬ್ಬಿಯನ್ನು ಅವಳ ಕಡೆ ತಳ್ಳಿದರು.

"ಸರಿಯಾಗಿ ಇಟ್ಟಿದೀನಾ ನೋಡು. ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ. ನೀನು ನೋಡಿದ್ರೆ ನಾನು ನೋಡಿದ ಹಾಗೆ."

ಎಲ್ಲವೂ ಸರಿಯಾಗೇ ಇತ್ತು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಅವಳಿಗೆ ಇನ್ನು ತಡೆಯಲಾಗಲಿಲ್ಲ. ಚೀಲಕ್ಕೆ ಕೈ ಹಾಕಿ ಹಾಳೆಗಳನ್ನು ತೆಗೆದು ಡಬ್ಬಿಯ ಪಕ್ಕ ಇಟ್ಟಳು.

ಮಾವ ಕನ್ನಡಕ ಏರಿಸಿಕೊಂಡರು. ಮೊದಲ ಹಾಳೆಯ ಮೇಲೆ ‘೧೭’ ಅಂತ ಇತ್ತು, ಅದರ ಸುತ್ತ ಒಂದು ಚೌಕ. ಅಧ್ಯಾಯದ ಸಂಖ್ಯೆಗೆಲ್ಲ ಹಾಗೆ ಚೌಕ ಹಾಕುವುದು ಅವರ ಅಭ್ಯಾಸ. ಓದಿದರು. ಹಾಳೆ ಮಗುಚಿದರು. ಪಕ್ಕದ ಅಂಗಡಿಯಲ್ಲಿ ಯಾರೋ ಕನ್ನಡಕ ಕೊಳ್ಳಲು ಬಂದವರು ದೂರದ ಅಕ್ಷರ ಗಟ್ಟಿಯಾಗಿ ಓದುತ್ತಿದ್ದರು. ಹದಿನಾಲ್ಕೂ ಹಾಳೆ ಮುಗಿಯುವವರೆಗೆ ಅವಳು ಮೇಜಿನ ಅಂಚು ಹಿಡಿದು ನಿಂತಿದ್ದಳು.

"ನನ್ನ ಕೈಬರಹ," ಅಂದರು ಮಾವ.

ಆಮೇಲೆ ನಕ್ಕರು. ಜೋರಾಗಿ, ಮೈಯೆಲ್ಲ ಅಲುಗಿಸಿಕೊಂಡು ನಕ್ಕರು. ಎದ್ದು ಮೆಟ್ಟಿಲ ಬುಡಕ್ಕೆ ಓಡಿದರು. "ಏ, ಬಾರೇ ಇಲ್ಲಿ! ಬೇಗ ಬಾ! ಬರೆದಿದ್ದೆ ಕಣೇ! ನಾನು ಬರೆದಿದ್ದೆ!" ಅತ್ತೆ ಕೈ ಒರೆಸಿಕೊಳ್ಳುತ್ತಾ ಇಳಿದು ಬಂದರು. ಮಾವ ಹಾಳೆಗಳನ್ನು ಅವರ ಮುಖದ ಮುಂದೆ ಹಿಡಿದು ಚಿಕ್ಕ ಹುಡುಗನ ಹಾಗೆ ಕುಣಿದಾಡಿದರು. "ಇಪ್ಪತ್ತೇಳು ಅಂದಿದ್ನೋ ಇಲ್ವೋ? ಲೆಕ್ಕ ಸರಿ ಇತ್ತು! ತಲೆ ಸರಿ ಇತ್ತು!"

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಬೈಗುಳಕ್ಕೆ ನಾಲ್ಕು ವರ್ಷದಿಂದ ಬೆನ್ನು ಕೊಟ್ಟು ನಿಂತಿದ್ದಳು. ಈ ಸಂತೋಷಕ್ಕೆ ಮಾತ್ರ ಅವಳು ತಯಾರಾಗಿರಲಿಲ್ಲ. ಗೋಡೆಗೆ ಒರಗಿ ಅತ್ತುಬಿಟ್ಟಳು.

"ಎಲ್ಲಿತ್ತೇ ಇದು?" ಅತ್ತೆ ಕೇಳಿದರು.

"ನನ್ನ ಡ್ರಾಯರಿನಲ್ಲಿ."

ಎಲ್ಲ ಹೇಳಿದಳು. ಫಾರಂ, ಒಂಬತ್ತು ಪುಟ, ಓದದೇ ತೆಗೆದಿದ್ದು, ಸಂಖ್ಯೆ ಬದಲಾಯಿಸಿದ್ದು, ಆ ದಿನ ಮಾಲೀಕರ ಎದುರು ಇಲ್ಲ ಅಂದಿದ್ದು. ಯಾವುದನ್ನೂ ಕತ್ತರಿಸಲಿಲ್ಲ. ಮಾವ ಮೆಲ್ಲಗೆ ಸ್ಟೂಲಿನ ಮೇಲೆ ಕೂತರು. ನಗು ಎಲ್ಲಿ ಹೋಯಿತೋ.

ಮೊದಲು ಬಾಯಿ ಬಿಟ್ಟವರು ಅತ್ತೆ. "ಎದ್ದು ಹೋಗು ಅನ್ನಲಾ, ಕೂತ್ಕೋ ಅನ್ನಲಾ, ನನಗೇ ತಿಳೀತಿಲ್ಲ. ನಾಲ್ಕು ವರ್ಷ ಕಣೆ. ನಾನು ತರಕಾರಿಗೆ ಹೋದ್ರೆ ಇವರು ಒಲೆ ಮುಂದೆ ಕಾವಲು ಕೂತಿರ್ತಿದ್ರು. ನೀನು ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲ. ಒಂದೇ ಒಂದು ಫೋನ್."

"ಬಿಡೇ," ಅಂದರು ಮಾವ. ಹಾಳೆಗಳ ಅಂಚು ಜೋಡಿಸಿ ಅವಳ ಕಡೆ ನೋಡಿದರು. "ಕತ್ತರಿಸಿದ್ದು ನಿನ್ನ ಕೆಲಸ. ಈಗ ಓದಿದ್ರೆ ನನಗೇ ಬೇಜಾರಾಯ್ತು, ಅಬ್ಬಾ, ಎಷ್ಟು ಜೇಡಿಮಣ್ಣು ಕಲೆಸಿದೀನಿ! ಮೊದಲಿನದೆಲ್ಲ ತೆಗೆದು ಕೊನೇಲಿರೋ ಗುಟ್ಟಿನ ಭಾಗ ಉಳಿಸಿದ್ರೆ ಸಾಕಿತ್ತು. ಅದಕ್ಕೆ ನನಗೆ ಕೋಪ ಇಲ್ಲ." ಹಾಳೆಗಳನ್ನು ಮೇಜಿನ ಮೇಲಿಟ್ಟು ಹೇಳಿದರು, "ಆದ್ರೆ ನಾನು ಬಂದು ಕೇಳಿದ್ನಲ್ಲ ಸೆಕೆಂಡು. ನಿನ್ನನ್ನೇ ಬಂದು ಕೇಳಿದ್ನಲ್ಲ."

"ಮುಂದಿನ ಮುದ್ರಣದಲ್ಲಿ ಹಾಕಿಸ್ತೀನಿ ಮಾವ. ತಪ್ಪು ನಂದು ಅಂತ ಮೊದಲ ಪುಟದಲ್ಲೇ ಅಚ್ಚು ಹಾಕಿಸ್ತೀನಿ. ಮಾಲೀಕರು ಕೆಲಸದಿಂದ ತೆಗೆದ್ರೂ ಪರವಾಗಿಲ್ಲ. ನೀವು ಮಾತ್ರ ನಾಳೆ ಬೀಗದ ಕೈ ಕೊಡಬೇಡಿ. ನಿಮಗೆ ಏನೂ ಆಗಿಲ್ಲ, ಯಾವತ್ತೂ ಆಗಿರಲಿಲ್ಲ."

"ಹೌದ್ರೀ," ಅತ್ತೆ ಹತ್ತಿರ ಬಂದರು. "ಕನ್ನಡಕದವರಿಗೆ ನಾನೇ ಹೇಳ್ತೀನಿ. ಕೊಡಲ್ಲ ಅಂತ ಹೇಳಿಬಿಡಲಾ?"

ಮಾವ ಮೂಲೆಯ ಪೆಟ್ಟಿಗೆಯಿಂದ ಒಂದು ಹಳೆಯ ಟೈಮ್‌ಪೀಸ್ ತೆಗೆದರು. ಅತ್ತೆಯದು, ನಿಂತು ಮೂರು ವರ್ಷವಾಗಿತ್ತು, ಅದನ್ನು ಬಿಚ್ಚಲು ಮಾವನಿಗೆ ಧೈರ್ಯ ಬಂದಿರಲಿಲ್ಲ. "ತಾಳು," ಅಂದರು. "ಇದನ್ನೊಂದು ಬಿಚ್ಚಿ ಮುಚ್ಚಿ ನೋಡ್ತೀನಿ. ಆಮೇಲೆ ಹೇಳ್ತೀನಿ."

ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡರು. ಬೆನ್ನು ಬಗ್ಗಿತು, ಮೊಣಕೈ ಮೇಜಿನ ಮೇಲೆ ಅದರ ಹಳೆಯ ಸವೆದ ಜಾಗ ಹುಡುಕಿಕೊಂಡು ಕೂತಿತು. ಹಿಂದಿನ ಮುಚ್ಚಳ ಬಂತು. ಸ್ಕ್ರೂಗಳು ಬಟ್ಟಲಿಗೆ ಬಿದ್ದವು, ಟಿಣ್, ಟಿಣ್. ಚಕ್ರಗಳು ಬಂದವು, ಒರೆಸಿದ್ದಾಯಿತು, ಎಣ್ಣೆ ಒಂದೊಂದು ತೊಟ್ಟು. ಕೈ ಒಂದೇ ಒಂದು ಸಲವೂ ತಡವರಿಸಲಿಲ್ಲ. ಎಲ್ಲ ವಾಪಸ್ ಕೂತಿತು. ಮುಚ್ಚಳ ಹಾಕಿ ಕೀ ಕೊಟ್ಟರು. ಟೈಮ್‌ಪೀಸ್ ಟಿಕ್ ಟಿಕ್ ಅಂತ ಶುರುವಾಯಿತು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮಾವ ಟೈಮ್‌ಪೀಸನ್ನು ಕಿವಿಗೆ ಹಿಡಿದರು. ಕೇಳಿದರು. ಕೆಳಗಿಟ್ಟರು. ಆಮೇಲೆ ಸ್ಕ್ರೂಡ್ರೈವರ್ ತೆಗೆದುಕೊಂಡು ಮುಚ್ಚಳವನ್ನು ಮತ್ತೆ ಬಿಚ್ಚಿದರು. ಒಳಗೆ ನೋಡಿದರು, ಮುಚ್ಚಿದರು. ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಮತ್ತೆ ಬಿಚ್ಚಿದರು.

"ನಡೀತಿದೆಯಲ್ರೀ," ಅಂದರು ಅತ್ತೆ, ಮೆಲ್ಲಗೆ.

"ನಡೀತಿದೆ. ಗೊತ್ತು." ಮುಚ್ಚಿದರು. ಹಿತ್ತಾಳೆ ಬಟ್ಟಲನ್ನು ಎತ್ತಿ, ಅದರೊಳಗೆ ತಾವು ನೋಡದೆ, ಅವಳ ಮುಂದೆ ಹಿಡಿದರು. "ನೋಡು ಸೆಕೆಂಡು. ಏನಾದ್ರೂ ಇದೆಯಾ?"

ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ಬೆರಳು ಹಾಕಿ ತಳ ಸವರಿದಳು. ಸ್ವಲ್ಪ ಎಣ್ಣೆ ಅಂಟಿತು, ಅಷ್ಟೆ.

"ಏನೂ ಇಲ್ಲ ಮಾವ. ಖಾಲಿ."

ಮಾವ ಅವಳ ಮುಖವನ್ನೇ ನೋಡಿದರು. ಕೋಪವೇನೂ ಇರಲಿಲ್ಲ ಆ ನೋಟದಲ್ಲಿ. ಭೂತಗನ್ನಡಿ ಇನ್ನೂ ಒಂದು ಕಣ್ಣಿನಲ್ಲೇ ಇತ್ತು.

"ನಿಜ ತಾನೆ?" ಅಂದರು.

"ನಿಜ ಮಾವ. ಆಣೆಗೂ ನಿಜ."

ಹೂಂ ಅಂತ ತಲೆಯಾಡಿಸಿದರು. ನಂಬಬೇಕು ಅಂತ ಅವರಿಗೆ ಆಸೆಯಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಟೈಮ್‌ಪೀಸನ್ನು ಸ್ವಲ್ಪ ದೂರ ತಳ್ಳಿದರು, ಮತ್ತೆ ಹತ್ತಿರ ಎಳೆದುಕೊಂಡರು. ಅತ್ತೆ ಮೆಟ್ಟಿಲ ಕಡೆ ನಡೆದರು. "ಕನ್ನಡಕದವರಿಗೆ ನಾಳೆ ಬೀಗದ ಕೈಗೆ ಬರೋಕೇ ಹೇಳ್ತೀನಿ ಬಿಡಿ," ಅಂದು ಮೇಲೆ ಹೋದರು.

ಅವಳು ಖಾಲಿ ಬಟ್ಟಲು ಹಿಡಿದುಕೊಂಡೇ ನಿಂತಿದ್ದಳು. ಮಾವ ಮತ್ತೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು.